ಬಾನೆಟ್ ಎತ್ತುವ ಮೊದಲು ಮ್ಯಾಟ್ ಎತ್ತಿ: ಕರಾವಳಿಯಲ್ಲಿ ಹಳೆಯ ಕಾರನ್ನು ಮನೆಯಲ್ಲೇ ರಿಪೇರಿ ಮಾಡುವವರಿಗೆ

ಹಳೆಯ ಕಾರು ಮನೆಗೆ ಬಂದ ದಿನ ಎಲ್ಲರೂ ಮಾಡುವ ಮೊದಲ ಕೆಲಸ ಬಾನೆಟ್ ಎತ್ತಿ ಎಂಜಿನ್ ನೋಡುವುದು. ನಾನೂ ಅದನ್ನೇ ಮಾಡಿದೆ. ನನ್ನದು 1983ರ ಪ್ರೀಮಿಯರ್ ಪದ್ಮಿನಿ. ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದ ದೊಡ್ಡಪ್ಪ ಊರಿಗೆ ಮರಳುವಾಗ ತಂದದ್ದು. ಆಮೇಲೆ ಹನ್ನೊಂದು ವರ್ಷ ಸುರತ್ಕಲ್‌ನ ಮನೆಯಲ್ಲಿ ಶೀಟಿನ ಮಾಡಿನಡಿ ನಿಂತೇ ಇತ್ತು. ಮೂರು ತಿಂಗಳು ಸಂಜೆ ಹೊತ್ತು ಕೂತು ಕಾರ್ಬೊರೇಟರ್ ಬಿಚ್ಚಿ ಜೋಡಿಸಿದೆ, ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಪಾಯಿಂಟ್ ಬದಲಿಸಿದೆ. ಕೊನೆಗೊಂದು ದಿನ ಎಂಜಿನ್ ಒಂದೇ ಸ್ಟಾರ್ಟಿಗೆ ಎದ್ದಿತು. ಖುಷಿಯಲ್ಲಿ ಸೀಟಿನಲ್ಲಿ ಕೂತು ಕ್ಲಚ್ ಒತ್ತಿದರೆ ಹಿಮ್ಮಡಿ ಕೆಳಗೆ ಇಳಿಯಿತು. ರಬ್ಬರ್ ಮ್ಯಾಟ್ ಎತ್ತಿ ನೋಡಿದರೆ ಅಂಗಳ ಕಾಣುತ್ತಿತ್ತು.

ಬಯಲುಸೀಮೆಯಲ್ಲಿ ಹಳೆಯ ಕಾರನ್ನು ಎಂಜಿನ್‌ನಿಂದ ಶುರು ಮಾಡಿದರೆ ನಡೆದೀತು. ನಮ್ಮ ಕಡೆ ನಡೆಯುವುದಿಲ್ಲ. ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ, ಉಳಿದ ದಿನ ಸಮುದ್ರದ ಗಾಳಿ. ಆ ಗಾಳಿಯಲ್ಲಿ ಬರುವ ಉಪ್ಪು ತಗಡಿನ ಮೇಲೆ ಕೂರುತ್ತದೆ, ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ಮಾರ್ಚ್ ತಿಂಗಳ ಬಿಸಿಲಲ್ಲೂ ಬಾಗಿಲಿನ ಒಳಮೂಲೆ ಪಸೆಯಾಗಿಯೇ ಇರುವುದು ಅದಕ್ಕೇ. ಹಾಗಾಗಿ ಇಲ್ಲಿ ಕೆಲಸದ ಕ್ರಮ ಬೇರೆ. ಮೊದಲು ತಗಡು, ಆಮೇಲೆ ಬ್ರೇಕ್, ಮತ್ತೆ ಪೆಟ್ರೋಲ್ ಬರುವ ದಾರಿ, ಕೊನೆಗೆ ಎಂಜಿನ್. ದೀಪಾವಳಿ ಕಳೆದ ಮೇಲೆ ಶುರು ಮಾಡಿ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ನಿಮ್ಮ ತಗಡಿನ ಕೆಲಸ, ಪೇಂಟಿನ ಕೆಲಸ ಮುಗಿದಿರಬೇಕು. ಆಮೇಲೆ ಬಳಿದ ಪೇಂಟ್ ನೆಟ್ಟಗೆ ಒಣಗುವುದಿಲ್ಲ.

ಇಲ್ಲಿ ಬರೆದದ್ದು ಹೆಚ್ಚಾಗಿ ಪದ್ಮಿನಿಯ ಲೆಕ್ಕದಲ್ಲಿ. ಅಂಬಾಸಿಡರ್ ಇರಲಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಇರಲಿ, ಕ್ರಮ ಇದೇ. ಅಳತೆಗಳನ್ನು ಮಾತ್ರ ನಿಮ್ಮ ಕಾರಿನ ಮ್ಯಾನುವಲ್ ನೋಡಿ ಹಾಕಿಕೊಳ್ಳಿ.

ಜಾಗ ಮತ್ತು ಜಾಕ್

ಮಾಡಿನಡಿ ಸಿಮೆಂಟ್ ನೆಲ ಇದ್ದರೆ ಒಳ್ಳೆಯದು. ಮಣ್ಣಿನ ಅಂಗಳವಾದರೆ ಜಾಕ್‌ನ ಅಡಿಗೆ ಒಂದೂವರೆ ಅಡಿ ಅಗಲದ ದಪ್ಪ ಹಲಗೆ ಬೇಕೇ ಬೇಕು. ಒಂದು ಅಕ್ಟೋಬರಿನಲ್ಲಿ ಮಳೆ ಬಿಟ್ಟು ಎರಡೇ ದಿನ ಆಗಿತ್ತು. ಮೇಲಿನ ಮಣ್ಣು ಗಟ್ಟಿ ಕಂಡಿತು ಅಂತ ಹಲಗೆ ಇಲ್ಲದೆ ಜಾಕ್ ಕೊಟ್ಟೆ. ಕಾರು ಮೇಲೆ ಹೋಗುವ ಬದಲು ಜಾಕ್ ಕೆಳಗೆ ಹೋಯಿತು. ಓರೆಯಾಗಿ ಜಾರಿತು. ನಾನು ಅಡಿಯಲ್ಲಿ ಇರಲಿಲ್ಲ, ಅಷ್ಟೇ ಪುಣ್ಯ.

ಇನ್ನೊಂದು ಮಾತು, ಇದನ್ನು ಜೋರಾಗಿಯೇ ಹೇಳುತ್ತೇನೆ. ನಮ್ಮ ಅಂಗಳದಲ್ಲಿ ಮುರಕಲ್ಲು ಸುಲಭಕ್ಕೆ ಸಿಗುತ್ತದೆ. ಅದನ್ನು ಪೇರಿಸಿ ಅದರ ಮೇಲೆ ಕಾರು ನಿಲ್ಲಿಸಿ ಅಡಿಗೆ ಹೋಗಬೇಡಿ. ಹಾಲೋ ಬ್ಲಾಕ್ ಕೂಡ ಬೇಡ. ಅವು ಗೋಡೆಗೆ ಸರಿ. ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಮುನ್ಸೂಚನೆ ಇಲ್ಲದೆ ಸೀಳುತ್ತವೆ. ಪದ್ಮಿನಿ ಸುಮಾರು 900 ಕಿಲೋ ತೂಗುತ್ತದೆ. ಕಬ್ಬಿಣದ ಎರಡು ಜೋಡಿ ಸ್ಟ್ಯಾಂಡ್ ಕೊಳ್ಳಿ. ನೆಲದಲ್ಲಿ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ.

ಸಾಮಾನು ಜಾಸ್ತಿ ಬೇಡ. ಒಂದು ಸೆಟ್ ರಿಂಗ್ ಪಾನ, ಸ್ಕ್ರೂಡ್ರೈವರ್, ಸಂದಿ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್, ಮಲ್ಟಿಮೀಟರ್, ವಯರ್ ಬ್ರಷ್, ಗ್ರೀಸ್ ಗನ್. ಬಿಚ್ಚಿದ ಬೋಲ್ಟ್ ಇಡಲು ತೆಂಗಿನ ಗೆರಟೆ. ಒಂದೊಂದು ಭಾಗಕ್ಕೆ ಒಂದೊಂದು ಗೆರಟೆ, ಬದಿಯಲ್ಲಿ ಚಾಕ್‌ನಿಂದ ಹೆಸರು. ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ತುಕ್ಕು ಹಿಡಿದ ಬೋಲ್ಟ್‌ಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ, ಬೆಳಿಗ್ಗೆ ಮತ್ತೊಮ್ಮೆ ಬಿಡಿ. ಅವಸರ ಮಾಡಿದರೆ ಬೋಲ್ಟಿನ ತಲೆ ಕೈಗೆ ಬರುತ್ತದೆ, ಮತ್ತೆ ಡ್ರಿಲ್ ಮಾಡುತ್ತಾ ಕೂರಬೇಕು.

ತಗಡು: ಅಯಸ್ಕಾಂತ ಮತ್ತು ಹಿಡಿಸೂಡಿ ಕಡ್ಡಿ

ಪದ್ಮಿನಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಅದರ ಬೆನ್ನೆಲುಬು. ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ ಉಂಟಲ್ಲ, ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಅನ್ನುವುದು, ಅದು ಕೊಳೆತರೆ ಅಂದ ಮಾತ್ರ ಕೆಡುವುದಲ್ಲ, ಕಾರು ನಡುವಿನಲ್ಲಿ ಬಗ್ಗುತ್ತದೆ. ಬಾಗಿಲು ಹಾಕುವಾಗ ಎತ್ತಿ ಹಾಕಬೇಕಾಗುತ್ತಿದೆಯಾ? ಹಿಂಜು ಸವೆದಿರಬಹುದು. ಆದರೆ ಮೊದಲು ಅಡಿಯನ್ನು ಸಂಶಯಪಡಿ.

ಮ್ಯಾಟ್, ಅದರಡಿಯ ಫೆಲ್ಟ್ ಎಲ್ಲ ಕಿತ್ತು ಹೊರಗೆ ಹಾಕಿ. ಸ್ಟೆಪ್ನಿ ಇಡುವ ಜಾಗ, ಬ್ಯಾಟರಿ ಟ್ರೇಯ ಅಡಿ, ಮಡ್‌ಗಾರ್ಡಿನ ಒಳಬದಿ, ಹಿಂದಿನ ಪ್ಲೇಟ್ ಸ್ಪ್ರಿಂಗ್ ಬಾಡಿಗೆ ಸೇರುವ ಕಡೆ, ಮುಂದಿನ ಗಾಜಿನ ಬೀಡಿಂಗ್ ಕೆಳಗೆ ಟಾರ್ಚ್ ಹಾಕಿ ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಬಡಿಯಿರಿ. ಒಳ್ಳೆಯ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಡಬ್ ಅಂದಲ್ಲಿ ತುದಿಯಿಂದ ಚುಚ್ಚಿ. ತೂತಾದರೆ ಬೇಸರ ಬೇಡ, ಅದು ಮೊದಲೇ ಇದ್ದ ತೂತು.

ಪೇಂಟ್ ಚೆನ್ನಾಗಿ ಕಾಣುವಲ್ಲಿ ಫ್ರಿಜ್ಜಿಗೆ ಅಂಟಿಸುವ ಚಿಕ್ಕ ಅಯಸ್ಕಾಂತ ಸಾಕು. ಒಂದು ಕಾಗದದ ಮೇಲಿಟ್ಟು ಬಾಡಿಯ ಮೇಲೆ ಜಾರಿಸುತ್ತಾ ಹೋಗಿ. ಹಿಡಿತ ತಪ್ಪಿ ಬಿದ್ದರೆ ಕೆಳಗಿರುವುದು ಪುಟ್ಟಿ. ನನ್ನ ಕಾರನ್ನು ದೊಡ್ಡಪ್ಪ ಒಂದು ಗ್ಯಾರೇಜಿನಲ್ಲಿ "ಪೂರ್ತಿ ಟಿಂಕರಿಂಗ್" ಮಾಡಿಸಿದ್ದರು. ಅಯಸ್ಕಾಂತ ಹಿಡಿದರೆ ಎಡ ಹಿಂದಿನ ಮಡ್‌ಗಾರ್ಡಿನಲ್ಲಿ ಒಂದು ಅಂಗೈ ಅಗಲಕ್ಕೆ ಕಬ್ಬಿಣವೇ ಇಲ್ಲ. ಫೈಬರ್ ತುಂಡು ಅಂಟಿಸಿ, ಮೇಲೆ ಬೆರಳು ದಪ್ಪ ಪುಟ್ಟಿ ಬಳಿದು ಬಣ್ಣ ಹೊಡೆದಿದ್ದರು. ಪುಟ್ಟಿ ಕೆಟ್ಟದ್ದು ಅಂತಲ್ಲ. ಸಣ್ಣ ತಗ್ಗು ಸಮ ಮಾಡಲು ಅದು ಬೇಕು. ತೂತು ಮುಚ್ಚಲು ಅಲ್ಲ. ಹಿಂದಿನಿಂದ ಬಂದ ನೀರು ಪುಟ್ಟಿ ಮತ್ತು ತಗಡಿನ ನಡುವೆ ನಿಂತು ಅಕ್ಕಪಕ್ಕದ ಒಳ್ಳೆಯ ತಗಡನ್ನೂ ತಿನ್ನುತ್ತದೆ.

ಮೇಲ್ಮೈ ತುಕ್ಕಾದರೆ ನೀವೇ ಮಾಡಬಹುದು. ವಯರ್ ಬ್ರಷ್‌ನಿಂದ ಉಜ್ಜಿ, 80 ನಂಬರ್ ಎಮರಿ ಪೇಪರ್, ಆಮೇಲೆ 120. ಮೊದಲೊಮ್ಮೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿಕೊಳ್ಳಿ, ಇಲ್ಲದಿದ್ದರೆ ಉಪ್ಪನ್ನೇ ಪೇಂಟಿನ ಅಡಿಗೆ ಹೂತ ಹಾಗಾಗುತ್ತದೆ. ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫೋರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಡಿ. ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ನಂತರ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಅದರ ಮೇಲೆ ಬಣ್ಣ. ಕೆಲವರು ರೆಡಾಕ್ಸೈಡ್ ಬಳಿದು "ಬಣ್ಣ ಆಮೇಲೆ ನೋಡುವ" ಅಂತ ಬಿಡುತ್ತಾರೆ. ಬರೀ ರೆಡಾಕ್ಸೈಡ್ ತೇವ ತಡೆಯುವುದಿಲ್ಲ. ಒಂದೇ ಮಳೆಗಾಲಕ್ಕೆ ಅಡಿಯಲ್ಲಿ ಮತ್ತೆ ತುಕ್ಕು. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಹತ್ತರಿಂದ ಮೂರರ ನಡುವೆ ಪೇಂಟ್ ಮಾಡಿ. ಸಂಜೆ ಮಂಜಿನ ಪಸೆ ಕೂತ ತಗಡಿಗೆ ಹೊಡೆಯಬೇಡಿ.

ತೂತಾದಲ್ಲಿ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ 20 ಗೇಜಿನ ತಗಡು ವೆಲ್ಡ್ ಮಾಡಬೇಕು. ಇದನ್ನು ಟಿಂಕರಿಂಗ್ ಕೆಲಸದವರಿಗೇ ಬಿಡಿ, ಆದರೆ ಹತ್ತಿರ ನಿಂತು ನೋಡಿ. ಬ್ಯಾಟರಿ ತೆಗೆದಿರಬೇಕು, ಪೆಟ್ರೋಲ್ ಟ್ಯಾಂಕ್ ಕಾರಿನಿಂದಲೇ ಹೊರಗೆ ಹೋಗಿರಬೇಕು. ರನ್ನಿಂಗ್ ಬೋರ್ಡ್ ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡ ಪೈಪ್ ಕೊಟ್ಟು ಬಾಡಿಯನ್ನು ಬಿಗಿದುಕೊಳ್ಳಬೇಕು. ಇಲ್ಲದಿದ್ದರೆ ವೆಲ್ಡಿಂಗ್ ಮುಗಿದ ಮೇಲೆ ಬಾಗಿಲು ಹಾಕಲು ಆಗುವುದಿಲ್ಲ.

ಒಳಗಿನ ಟೊಳ್ಳು ಭಾಗಗಳಿಗೆ ಕ್ಯಾವಿಟಿ ವ್ಯಾಕ್ಸ್ (ಒಳಗೆ ಪದರ ಕಟ್ಟುವ ಮೇಣ) ಸ್ಪ್ರೇ ಮಾಡಿ. ಹಳೆಯ ಎಂಜಿನ್ ಆಯಿಲ್ ಸುರಿಯುವ ಪದ್ಧತಿ ನಮ್ಮಲ್ಲಿ ಉಂಟು. ಅದು ಅಂಗಳಕ್ಕೆ ಸೋರಿ ಬಾವಿಗೆ ಹೋಗುತ್ತದೆ, ರಬ್ಬರ್ ಬುಷ್ಷುಗಳನ್ನೂ ಕೆಡಿಸುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಅಡಿಯ ಬೋಲ್ಟುಗಳಿಗೆ ಬೋಟಿನವರು ಬಳಸುವ ಮರೀನ್ ಗ್ರೀಸ್ ಚೆನ್ನಾಗಿ ನಿಲ್ಲುತ್ತದೆ. ಮಂಗಳೂರಿನ ಬಂದರಿನಲ್ಲೋ ಮಲ್ಪೆಯಲ್ಲೋ ಬೋಟಿನ ಸಾಮಾನು ಮಾರುವಲ್ಲಿ ಕೇಳಿ.

ಕೊನೆಗೆ ಹಿಡಿಸೂಡಿ ಕಡ್ಡಿ, ಅಂದರೆ ಪೊರಕೆ ಕಡ್ಡಿ. ಪ್ರತಿ ಬಾಗಿಲಿನ ಕೆಳಅಂಚಿನಲ್ಲಿ ನೀರು ಹೋಗುವ ಸಣ್ಣ ತೂತುಗಳಿವೆ. ಗಾಜಿನ ಪಕ್ಕದಿಂದ ಇಳಿದ ಮಳೆನೀರು ಅಲ್ಲಿಂದಲೇ ಹೊರಗೆ ಹೋಗಬೇಕು. ಧೂಳು, ಎಲೆ ಸೇರಿ ಅದು ಕಟ್ಟಿಕೊಂಡರೆ ಬಾಗಿಲೇ ಬಾಲ್ದಿ. ತಿಂಗಳಿಗೊಮ್ಮೆ ಕಡ್ಡಿ ಹಾಕಿ ಬಿಡಿಸಿ. ಕಾಸು ಖರ್ಚಿಲ್ಲದ ಕೆಲಸ, ಆದರೆ ಬಾಗಿಲು ಉಳಿಸುವುದು ಅದೇ.

ಬ್ರೇಕ್

ಹಳೆಯ ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಆ ಕಾಲದ ಹಲವು ಕಾರುಗಳಲ್ಲಿ ನಾಲ್ಕಕ್ಕೂ ಸೇರಿ ಫ್ಲೂಯಿಡ್‌ನ ಒಂದೇ ಸಾಲು. ಎಲ್ಲಾದರೂ ಒಂದು ಕಡೆ ಪೈಪ್ ಒಡೆದರೆ ಪೂರ್ತಿ ಹೋಯಿತು. ಹಾಗಾಗಿ ನಿಂತ ಕಾರನ್ನು ಸ್ಟಾರ್ಟ್ ಆಯಿತು ಅಂತ ರಸ್ತೆಗೆ ತರಬೇಡಿ ಮಾರಾಯ್ರೇ.

ವೀಲ್ ಬೋಲ್ಟುಗಳನ್ನು ಕಾರು ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ ಸ್ಟ್ಯಾಂಡ್ ಕೊಡಿ. ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಊದಬೇಡಿ, ಏರ್ ಹೊಡೆಯಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ. ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ತುದಿಯ ರಬ್ಬರ್ ಟೊಪ್ಪಿಯನ್ನು ಮೆಲ್ಲ ಎತ್ತಿ. ಒಳಗೆ ಒದ್ದೆ ಇದ್ದರೆ ಸೋರುತ್ತಿದೆ. ಅಂಗಡಿಯಲ್ಲಿ ರಬ್ಬರ್ ಕಿಟ್ ಸಿಗುತ್ತದೆ. ಆದರೆ ಕಿಟ್ ಹಾಕುವ ಮೊದಲು ಸಿಲಿಂಡರಿನ ಒಳಗೋಡೆಯನ್ನು ಬೆಳಕಿನಲ್ಲಿ ನೋಡಿ. ಸಣ್ಣ ಗುಳಿಗಳು ಕಂಡರೆ ಸಿಲಿಂಡರನ್ನೇ ಬದಲಿಸಿ. ಹೊಸ ರಬ್ಬರ್ ಆ ಗುಳಿಗೆ ಉಜ್ಜಿ ಆರು ತಿಂಗಳಲ್ಲಿ ಮತ್ತೆ ಸೋರುತ್ತದೆ. ತೊಳೆಯಲು ಬ್ರೇಕ್ ಫ್ಲೂಯಿಡ್ ಅಥವಾ ಸ್ಪಿರಿಟ್ ಮಾತ್ರ. ಪೆಟ್ರೋಲ್, ಚಿಮಿಣಿ ಎಣ್ಣೆ ತಾಗಿದರೆ ರಬ್ಬರ್ ಉಬ್ಬುತ್ತದೆ.

ಆ ಗುಳಿ ಬರುವುದು ಎಲ್ಲಿಂದ? ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಕುಡಿಯುತ್ತದೆ. ನಮ್ಮಲ್ಲಿ ಗಾಳಿಯೇ ಒದ್ದೆ. ಆ ತೇವಕ್ಕೆ ಸಿಲಿಂಡರ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಇನ್ನೊಂದು ತೊಂದರೆಯೂ ಉಂಟು. ಡಾಟ್ 3 ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಕುಡಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯುತ್ತದೆ. ಊರೊಳಗೆ ಓಡಿಸುವಾಗ ಇದು ಗೊತ್ತೇ ಆಗುವುದಿಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಬ್ರೇಕ್ ಮೇಲೆ ಕಾಲಿಟ್ಟೇ ಇಳಿದು ನೋಡಿ, ಗೊತ್ತಾಗುತ್ತದೆ. ಬಿಸಿಗೆ ಫ್ಲೂಯಿಡ್ ಕುದಿದು ಗುಳ್ಳೆಯಾದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಘಾಟಿ ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಳೆಯ ಡ್ರೈವರುಗಳು ಹೇಳುತ್ತಿದ್ದದ್ದು ಸುಮ್ನೆ ಅಲ್ಲ. ಫ್ಲೂಯಿಡನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತಾರೆ. ನಾನು ಪ್ರತಿ ವರ್ಷ ಮಳೆ ಮುಗಿದ ಮೇಲೆ ಬದಲಿಸುತ್ತೇನೆ. ಅರ್ಧ ಉಳಿದ ಡಬ್ಬವನ್ನು ಮುಂದಿನ ವರ್ಷಕ್ಕೆ ಇಡುವುದಿಲ್ಲ.

ರಬ್ಬರ್ ಹೋಸ್‌ಗಳ ವಯಸ್ಸು ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಬದಲಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ. ಒತ್ತಿದಾಗ ಫ್ಲೂಯಿಡ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಒಂದು ಚಕ್ರ ಮಾತ್ರ ಬಿಸಿಯಾಗುತ್ತಿದ್ದರೆ ಇದನ್ನೂ ನೋಡಿ.

ಬ್ರೇಕ್ ಪೈಪಿನೊಳಗೆ ಸೇರಿದ ಏರ್ ತೆಗೆಯಲು ಇನ್ನೊಬ್ಬರು ಬೇಕು. ನಮ್ಮಲ್ಲಿ ಆ ಕೆಲಸ ಮಗಳದ್ದು. ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಿ. ನಮ್ಮ ಕಾರುಗಳಲ್ಲಿ ಅದು ಹಿಂದಿನ ಎಡ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಚಕ್ರದ ಹಿಂಬದಿಯಲ್ಲಿ ಏರ್ ಬಿಡುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಫ್ಲೂಯಿಡ್ ಇರುವ ಬಾಟಲಿಯಲ್ಲಿ ಮುಳುಗಿಸಿ. "ಒತ್ತು" ಅಂದಾಗ ಒತ್ತಬೇಕು, "ಹಿಡಿ" ಅಂದಾಗ ಹಿಡಿದಿರಬೇಕು. ನೀವು ನಿಪ್ಪಲ್ ಸಡಿಲಿಸಿ, ಗುಳ್ಳೆ ಬರಲಿ, ಬಿಗಿಯಿರಿ. ಆಮೇಲೆಯೇ "ಬಿಡು". ನಿಪ್ಪಲ್ ಬಿಗಿಯುವ ಮೊದಲು ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ನಾಲ್ಕೈದು ಸಲಕ್ಕೊಮ್ಮೆ ಮೇಲಿನ ಡಬ್ಬಿ ತುಂಬಿಸಿ, ಅದು ಖಾಲಿಯಾದರೆ ಮೊದಲಿನಿಂದ ಶುರು. ಪೇಂಟ್ ಮೇಲೆ ಒಂದು ಹನಿ ಚೆಲ್ಲಿದರೂ ಕೂಡಲೇ ನೀರು ಹಾಕಿ.

ಮುಗಿದ ಮೇಲೆ ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮೆಲ್ಲ ಮೆಲ್ಲ ಕೆಳಗಿಳಿದರೆ, ಹೊರಗೆ ಎಲ್ಲೂ ಸೋರದಿದ್ದರೆ, ಮಾಸ್ಟರ್ ಸಿಲಿಂಡರ್ ಹೋಗಿದೆ. ಗಟ್ಟಿ ನಿಂತರೆ ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಹತ್ತು ಸಲ ನಿಲ್ಲಿಸಿ ನೋಡಿ. ಹ್ಯಾಂಡ್ ಬ್ರೇಕ್ ಅದಕ್ಕೂ ಮೊದಲೇ ಸರಿ ಇರಬೇಕು.

ಪೆಟ್ರೋಲಿನ ದಾರಿ

ಈ ಕಾರುಗಳು ಹುಟ್ಟಿದಾಗ ಪೆಟ್ರೋಲಿನಲ್ಲಿ ಎಥನಾಲ್ ಇರಲಿಲ್ಲ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20ರಷ್ಟು ಎಥನಾಲ್. ಅದು ಹಳೆಯ ರಬ್ಬರ್ ಪೈಪ್, ಪಂಪಿನ ಡಯಾಫ್ರಾಮ್ ಎರಡನ್ನೂ ಮೆತ್ತಗೆ ಮಾಡುತ್ತದೆ. ತೇವವನ್ನೂ ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ನೀರಿನ ಜೊತೆ ಸೇರಿ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೈಪ್ ಎಳೆಯುವುದು ಆ ತಳದಿಂದಲೇ ಅಲ್ವಾ?

ಟ್ಯಾಂಕ್ ಇಳಿಸಿ, ಪೆಟ್ರೋಲ್ ಖಾಲಿ ಮಾಡಿ, ಎಲ್‌ಇಡಿ ಟಾರ್ಚ್ ಹಾಕಿ ಒಳಗೆ ನೋಡಿ. ಬಯಲಿನಲ್ಲಿ ಮಾಡಿ, ಹತ್ತಿರ ಬೀಡಿ, ಒಲೆ ಯಾವುದೂ ಬೇಡ. ಕೆಂಪು ಹುಡಿ ಕಂಡರೆ ಒಂದು ಹಿಡಿ ಸಣ್ಣ ನಟ್ಟುಗಳನ್ನೂ ಸ್ವಲ್ಪ ನೀರನ್ನೂ ಹಾಕಿ ಚೆನ್ನಾಗಿ ಕುಲುಕಿ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ನಂತರ ಸಿಟ್ರಿಕ್ ಆಸಿಡ್ ಕರಗಿಸಿದ ನೀರನ್ನು ಒಂದು ರಾತ್ರಿ ಬಿಟ್ಟು, ಅಡುಗೆ ಸೋಡಾದ ನೀರಿನಿಂದ ತೊಳೆದು, ಸಿಹಿನೀರಿನಿಂದ ಮತ್ತೆ ತೊಳೆದು, ಬಿಸಿಲಿಗೆ ಒಣಗಿಸಿ. ತಡ ಮಾಡಿದರೆ ಸಂಜೆಯೊಳಗೆ ಹೊಸ ತುಕ್ಕು ಮೂಡುತ್ತದೆ, ಒಣಗಿದ ಕೂಡಲೇ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಒಳಗೆಲ್ಲ ಹರಡಿ. ಟ್ಯಾಂಕಿಗೆ ತೂತು ಬಿದ್ದಿದ್ದರೆ ಮನೆಯಲ್ಲಿ ವೆಲ್ಡ್ ಮಾಡುವ ಯೋಚನೆಯನ್ನೇ ಬಿಡಿ. ಖಾಲಿ ಟ್ಯಾಂಕೇ ಜಾಸ್ತಿ ಅಪಾಯ, ಒಳಗಿನ ಆವಿ ಸ್ಫೋಟಿಸುತ್ತದೆ.

ಪೈಪ್ ಕೊಳ್ಳುವಾಗ ಎಥನಾಲ್ ತಡೆಯುವ ಆರ್9 ದರ್ಜೆಯ ಫ್ಯೂಯಲ್ ಹೋಸ್ ಕೇಳಿ. ಪಂಪಿನ ಮುಂಚೆ ಪಾರದರ್ಶಕ ಫಿಲ್ಟರ್ ಒಂದು ಹಾಕಿ, ಕೆಂಪಾಗುವುದು ಕಣ್ಣಿಗೆ ಕಾಣುತ್ತದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗೆ ತಂತಿ ಹಾಕಬೇಡಿ. ತೂತು ದೊಡ್ಡದಾದರೆ ಆಮೇಲೆ ಎಷ್ಟು ಟ್ಯೂನ್ ಮಾಡಿದರೂ ಪೆಟ್ರೋಲ್ ಕುಡಿಯುತ್ತದೆ. ಕ್ಲೀನರ್ ಸ್ಪ್ರೇ, ಏರ್ ಸಾಕು.

ಎಂಜಿನ್, ಕೊನೆಗೂ

1089 ಸಿಸಿಯ ಈ ಎಂಜಿನ್ ಸರಳ, ಬೇಗ ಮುನಿಸಿಕೊಳ್ಳುವುದಿಲ್ಲ. ವರ್ಷಗಟ್ಟಲೆ ನಿಂತದ್ದಾದರೆ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಒಂದು ದಿನ ಬಿಡಿ. ಮೊದಲು ಕೈಯಲ್ಲಿ ತಿರುಗಿಸಿ. ಸರಾಗ ತಿರುಗಿದರೆ ಪ್ಲಗ್ ಇಲ್ಲದೆಯೇ ಸ್ಟಾರ್ಟರ್ ಹೊಡೆದು ಆಯಿಲ್ ಮೇಲೆ ಬರಲು ಬಿಡಿ. 20ಡಬ್ಲ್ಯು-50 ಆಯಿಲ್ ಸಾಕು, ದುಬಾರಿ ಸಿಂಥೆಟಿಕ್ ಬೇಡ. ರೇಡಿಯೇಟರಿಗೆ ಬಾವಿ ನೀರು ಬೇಡ, ಕಡಲ ಬದಿಯ ಬಾವಿಯದ್ದಂತೂ ಬೇಡವೇ ಬೇಡ. ಡಿಸ್ಟಿಲ್ಡ್ ವಾಟರ್, ಕೂಲಂಟ್ ಹಾಕಿ.

ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಪಾಯಿಂಟ್ ಪೂರ್ತಿ ತೆರೆದುಕೊಳ್ಳುವಲ್ಲಿಗೆ ಎಂಜಿನ್ ತಿರುಗಿಸಿ. ಫೀಲರ್ ಗೇಜ್ 0.45 ಮಿ.ಮೀ. ಸ್ವಲ್ಪ ಹಿಡಿತದಲ್ಲಿ ಜಾರಬೇಕು. ಪ್ಲಗ್ ಗ್ಯಾಪ್ 0.6 ಮಿ.ಮೀ. ಪ್ಲಗ್ ವಯರುಗಳ ಕ್ರಮ 1-3-4-2. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಕಾರ್ಬೊರೇಟರಿಗೆ ಕೈ ಹಾಕಬೇಡಿ. ಕ್ಯಾಪ್ ತೆಗೆದು ಒಳಗೆ ಒಣ ಬಟ್ಟೆಯಿಂದ ಒರೆಸಿ, ಹತ್ತರಲ್ಲಿ ಎಂಟು ಸಲ ಅಷ್ಟೇ ಇರುತ್ತದೆ. ಆದರೂ ಮಿಸ್ ಹೊಡೆದರೆ ರಾತ್ರಿ ದೀಪ ಆರಿಸಿ ಬಾನೆಟ್ ಎತ್ತಿ ಎಂಜಿನ್ ಓಡಿಸಿ. ಸೋರುವ ವಯರಿನಲ್ಲಿ ನೀಲಿ ಕಿಡಿ ಕಾಣುತ್ತದೆ. ಮುಟ್ಟಬೇಡಿ, ನೋಡಿ ಅಷ್ಟೇ.

ಲೈಟ್ ಮಂಕಾದರೆ ಬಲ್ಬ್ ಬದಲಿಸುವ ಮೊದಲು ಅರ್ಥಿಂಗ್ ವಯರ್ ಬಾಡಿಗೆ ಸೇರುವಲ್ಲಿ ಬಿಚ್ಚಿ ಉಜ್ಜಿ. ಹಸಿರು ಹುಡಿ ಕಾಣುತ್ತದೆ.

ಭಾಗಗಳು, ಕಾಗದಪತ್ರ

ಪದ್ಮಿನಿಯ ತಯಾರಿ ನಿಂತು ಇಪ್ಪತ್ತು ವರ್ಷ ದಾಟಿತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ಕೂಡ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಭಾಗ ಹುಡುಕಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋಗುವಾಗ ಹಳೆಯ ಭಾಗವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಹೆಸರು ಹೇಳಿದರೆ ಬೇರೆ ಕೊಡುತ್ತಾರೆ, ತೋರಿಸಿದರೆ ಅದೇ ಕೊಡುತ್ತಾರೆ.

ತೆಗೆದ ಮೂಲ ಭಾಗಗಳನ್ನು ಗುಜರಿಗೆ ಹಾಕಬೇಡಿ. 2021ರ ಕೇಂದ್ರದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ವಿಎ ಅಕ್ಷರ ಇರುತ್ತದೆ. ದಿನನಿತ್ಯ ಓಡಿಸಲು ಅದರಲ್ಲಿ ಅವಕಾಶ ಇಲ್ಲ. ನನ್ನದಕ್ಕೆ 2033ರವರೆಗೆ ಕಾಯಬೇಕು, ಅಲ್ಲಿಯವರೆಗೆ ಹಳೆಯ ಹಾರ್ನ್, ಹಳೆಯ ಸ್ಟೇರಿಂಗ್ ಎಲ್ಲ ಅಟ್ಟದಲ್ಲಿ.

ಮಳೆಗಾಲ

ಪ್ಲಾಸ್ಟಿಕ್ ಟಾರ್ಪಾಲು ಹೊದೆಸಬೇಡಿ. ನಾನು ಒಂದು ಆಟಿ ತಿಂಗಳು (ಜುಲೈ-ಆಗಸ್ಟ್) ಪೂರ್ತಿ ಹೊದೆಸಿಟ್ಟಿದ್ದೆ. ಒಳಗೆ ಬೆವರಿ, ಮುಂದಿನ ತಿಂಗಳು ಸೋಣದಲ್ಲಿ ತೆಗೆದಾಗ ಬಾನೆಟ್ ತುಂಬ ಪೇಂಟಿನ ಬೊಕ್ಕೆ. ಮೇಲೆ ಮಾಡು ಇದ್ದು ಬದಿಯಲ್ಲಿ ಗಾಳಿ ಆಡುವ ಜಾಗ ಸಾಕು, ಬೇಕಾದರೆ ಹತ್ತಿಯ ಹೊದಿಕೆ. ಕಿಟಕಿ ಗಾಜನ್ನು ಒಂದು ಬೆರಳಿನಷ್ಟು ಇಳಿಸಿಡಿ. ಇಲಿ ಬರುವ ಮನೆಯಾದರೆ ಬಾನೆಟನ್ನು ಪೂರ್ತಿ ಎತ್ತಿ ನಿಲ್ಲಿಸಿ, ಕತ್ತಲೆ ಇಲ್ಲದಲ್ಲಿ ಅದು ಗೂಡು ಕಟ್ಟುವುದು ಕಡಿಮೆ.

ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಮಾಡುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲ್‌ನಲ್ಲೂ ಸೈಲೆನ್ಸರಿನಲ್ಲೂ ನೀರು ಉಳಿಯುತ್ತದೆ. ಮಳೆ ಬಿಟ್ಟ ದಿನ ನೋಡಿ ಹದಿನೈದು ಕಿಲೋಮೀಟರ್ ಓಡಿಸಿ ಬನ್ನಿ. ಓಡಿಸಲು ಆಗುವುದೇ ಇಲ್ಲ ಅಂತಾದರೆ ಟ್ಯಾಂಕಿನಿಂದ ಪಂಪಿಗೆ ಬರುವ ಪೆಟ್ರೋಲ್ ಪೈಪ್ ಕಳಚಿ ಬಾಯಿ ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗಿ ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ, ಬ್ಯಾಟರಿ ಬಿಚ್ಚಿ ಒಳಗೆ ತಂದಿಡಿ.

ಕೃಷ್ಣಾಷ್ಟಮಿ ಕಳೆದು ಎರಡು ದಿನ ಒಳ್ಳೆಯ ಬಿಸಿಲು ಬಂದರೆ ನಾಲ್ಕೂ ಬಾಗಿಲು ತೆರೆದಿಟ್ಟು ಮ್ಯಾಟುಗಳನ್ನು ಹೊರಗೆ ಒಣಹಾಕಿ. ಡ್ರೈವರ್ ಬದಿಯ ನೆಲವನ್ನು ಕೈಯಿಂದ ಒತ್ತಿ ನೋಡಿ, ಪಸೆ ಇದ್ದರೆ ಗಾಜಿನ ಬೀಡಿಂಗ್ ಮೇಲೆ ಪೈಪ್‌ನಲ್ಲಿ ನೀರು ಬಿಟ್ಟು ಎಲ್ಲಿಂದ ಇಳಿಯುತ್ತದೆ ಅಂತ ಹುಡುಕಿ.